ಮಳೆಗಾಲದಲ್ಲಿ ಪಿಯಾನೊ ಕಾಯುವ ನೀಲಾಂಬಿಕ

ಬೆಳಗಿನ ಐದು ಗಂಟೆ. ಶಿಕಾರಿಪುರದ ಹಿಂಬದಿಯ ಕೇರಿಯಲ್ಲಿ ಮಂಡಕ್ಕಿ ಭಟ್ಟಿ ಆಗಲೇ ಹೊತ್ತಿಕೊಂಡಿದೆ. ಭಟ್ಟಿಯ ಗೋಡೆಗೆ ಬೆನ್ನು ಕೊಟ್ಟ ಪುಟ್ಟ ಕೋಣೆಯಲ್ಲಿ ನೀಲಾಂಬಿಕ ಲೈಟು ಹಾಕುತ್ತಾರೆ. ಬಾಗಿಲಿನ ಅಗಳಿ ಬಿದ್ದಿದೆಯೇ ಎಂದು ಎರಡು ಸಲ ನೋಡುತ್ತಾರೆ. ಗೋಡೆಗೆ ಅಂಗೈ ಇಟ್ಟು ಕಾವು ಹದವಾಗಿದೆ ಎನಿಸಿದ ಮೇಲೆಯೇ ಬೆಂಚಿನ ಮೇಲಿನ ಹಳೆಯ ಕಂಬಳಿಗಳನ್ನು ಸರಿಸುತ್ತಾರೆ. ಕೆಳಗೆ ತೊಟ್ಟಿಲಿಗಿಂತ ಉದ್ದದ ಮರದ ಚೌಕಟ್ಟು. ಅದರ ತುಂಬ ಉಣ್ಣೆ ಸುತ್ತಿದ ಪುಟ್ಟ ಪುಟ್ಟ ಸುತ್ತಿಗೆಗಳು. ಅರವತ್ತೆರಡರ ಆಕೆ ಬಗ್ಗಿ, ಒಂದೊಂದಕ್ಕೂ ಕೆನ್ನೆ ತಾಗಿಸುತ್ತಾ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ.

“ಕೈಗೆ ಗೊತ್ತಾಗಲ್ರೀ, ಕೈ ದಡ್ಡು ಬಿದ್ದೈತೆ. ಥಂಡಿ ಹಿಡಿದಿದ್ರೆ ಕೆನ್ನೆ ಹೇಳುತ್ತೆ” ಎನ್ನುತ್ತಾರೆ.

ಇದು ಒಂದು ಪಿಯಾನೊದ ಒಡಲು. ಅದರ ಹೊರಮೈ ಇರುವುದು ಸೊರಬದಲ್ಲಿ, ಬಸ್ ನಿಲ್ದಾಣದ ಎದುರಿನ ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಅದನ್ನು ನುಡಿಸುತ್ತಿದ್ದ ರಾಜಪ್ಪ ಈ ವರ್ಷದ ಆಷಾಢದಲ್ಲಿ ತೀರಿಕೊಂಡರು. ಅಂದಿನಿಂದ ಈ ಕೋಣೆಯ ಅಗಳಿಗೆ ಬಿಡುವಿಲ್ಲ.

ರಾಜಪ್ಪ ಕುಬಟೂರಿನವರು. ಹುಡುಗರಾಗಿದ್ದಾಗಲೇ ಮುಂಬೈಗೆ ಹೋಗಿ, ಹೋಟೆಲುಗಳಲ್ಲಿ ನಲವತ್ತು ವರ್ಷ ಜಾಝ್ ನುಡಿಸಿದವರು. ಹಿಡಿದ ಧಾಟಿಯನ್ನು ಬಿಟ್ಟು, ಹೊಲಕ್ಕಿಳಿದು, ಬದುವಿನ ಮೇಲೆ ಸುತ್ತಾಡಿ, ಕೇಳುವವರು ದಾರಿ ತಪ್ಪಿತೇನೋ ಎಂದುಕೊಳ್ಳುವಷ್ಟರಲ್ಲಿ ಮತ್ತೆ ರಸ್ತೆಗೆ ಬರುವ ಸಂಗೀತ ಅದು. ಹನ್ನೊಂದು ವರ್ಷದ ಹಿಂದೆ ಪಿಯಾನೊವನ್ನು ಲಾರಿಯಲ್ಲಿ ಹೇರಿಕೊಂಡು ಸೊರಬಕ್ಕೆ ಬಂದರು. ಭಾನುವಾರ ಸಂಜೆ ಹತ್ತು ಹನ್ನೆರಡು ಜನ ಮೆಟ್ಟಿಲು ಹತ್ತಿ ಬಂದು ಕೇಳುತ್ತಿದ್ದರು. ಅವರಿಗೆಲ್ಲ ಆತ ರಾಜ್ ಸರ್. ನೀಲಾಂಬಿಕಗೆ ಮಾತ್ರ ರಾಜಪ್ಪನೋರು.

ನೀಲಾಂಬಿಕ ಕಲಿತದ್ದು ಹಾರ್ಮೋನಿಯಂ ರಿಪೇರಿ. ತಂದೆ ಶಿವಮೂರ್ತಪ್ಪ ನಾಟಕದವರ, ಭಜನೆಯವರ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟುತ್ತಿದ್ದರು. ಮಗಳು ಬಿ.ಎ. ಕಟ್ಟಿ ನಡುವೆಯೇ ಬಿಟ್ಟು ತಂದೆಯ ಉಳಿ ಹಿಡಿದರು. ಆಗ ತಿಂಗಳಿಗೆ ಇಪ್ಪತ್ತು ಪೆಟ್ಟಿಗೆ ಬರುತ್ತಿದ್ದವು, ಈಗ ಮೂರು ಬಂದರೆ ಹೆಚ್ಚು. ಪಿಯಾನೊ ಎಂಬುದನ್ನು ಆಕೆ ಮೊದಲು ಕಂಡದ್ದೇ ಸೊರಬದ ಆ ಮಹಡಿಯಲ್ಲಿ. ಮೊದಲ ಮಳೆಗಾಲದಲ್ಲೇ ಅದು ಬೂಸ್ಟು ಹಿಡಿದು, ಒತ್ತಿದ ಮನೆ ಒತ್ತಿದಲ್ಲೇ ಕೂರತೊಡಗಿದಾಗ ರಾಜಪ್ಪ ಆಕೆಯನ್ನು ಕರೆಸಿದ್ದರು. ಬೆರಳಿಡುವ ಪಟ್ಟಿಗೆ ಹಾರ್ಮೋನಿಯಂನವರು ಮನೆ ಎನ್ನುತ್ತಾರೆ. ಪಿಯಾನೊಗೂ ಆಕೆ ಅದನ್ನೇ ಹೇಳುವುದು.

“ಸೊರಬದ ಥಂಡಿಗೆ ಇದು ಬದುಕಲ್ಲ ಅಂದೆ. ಒಳಗಿನದನ್ನ ನಮ್ಮೂರಿಗೆ ಒಯ್ತೀನಿ, ಭಟ್ಟಿ ಗೋಡೆ ಹಿಂದೆ ಇಡ್ತೀನಿ ಅಂದೆ. ಅವರು ನನ್ನ ಮುಖ ಹಂಗೇ ನೋಡಿದ್ರು, ಎತ್ತಿಕೊಂಡು ಓಡಿ ಹೋಗ್ತಾಳೇನೋ ಅನ್ನೋ ಹಂಗೆ.”

ಅಂದಿನಿಂದ ಪ್ರತಿ ಜೂನ್ ಮೊದಲ ವಾರ ತಿರುಪು ಬಿಚ್ಚಿ ಒಡಲನ್ನು ತರುವುದು, ದೀಪಾವಳಿ ಕಳೆದ ಮೇಲೆ ಒಯ್ದು ಕೂರಿಸುವುದು. ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಕಂಬಳಿ ಸುತ್ತಿ ಮಲಗಿಸಿದ್ದನ್ನು ಕಂಡು ಕಂಡಕ್ಟರ್ ತೀರ್ಥೇಶ್ ಮೊದಲ ವರ್ಷ ಬೆಚ್ಚಿದ್ದರು.

“ಏನಮ್ಮಾ, ಹೆಣ ಗಿಣ ಸಾಗಿಸ್ತಿದೀರಾ ಹೆಂಗೆ?”

“ಹೆಣ ಅಲ್ಲಪ್ಪ, ನಿದ್ದೆ ಮಾಡ್ತೈತೆ. ಬ್ರೇಕ್ ಮೆತ್ತಗೆ ಹಾಕಕ್ಕೆ ಹೇಳು.”

ಈಗ ಹಳ್ಳ ಬಂದಲ್ಲೆಲ್ಲ ತೀರ್ಥೇಶ್ ತಾವೇ ಹಿಂದೆ ಬಂದು ಚೌಕಟ್ಟನ್ನು ಹಿಡಿದು ನಿಲ್ಲುತ್ತಾರೆ. “ಅಮ್ಮನಿಗೆ ಫ್ರೀ, ಮಗೂಗೆ ಲಗೇಜ್ ಚಾರ್ಜು” ಎಂದು ಪ್ರತಿ ವರ್ಷ ಅದೇ ತಮಾಷೆ ಮಾಡುತ್ತಾರೆ.

ಈ ಸಂಗತಿ ಕೇಳುಗರಾರಿಗೂ ತಿಳಿದಿರಲಿಲ್ಲ. ತಿಳಿಯಬಾರದು ಎಂದವರು ರಾಜಪ್ಪನವರೇ. “ಮುದುಕನ ಹಲ್ಲಿನ ಸೆಟ್ಟಿನ ಹಾಗೆ ಪಿಯಾನೊ ಬಿಚ್ಚಿಡ್ತಾರೆ ಅಂದ್ರೆ ನಗ್ತಾರೆ ಕಣಮ್ಮ” ಎಂದಿದ್ದರಂತೆ. ಮಳೆಗಾಲದಲ್ಲಿ ಕೀಲುನೋವು, ನುಡಿಸಲಾರೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದರು.

ಆ ಗುಟ್ಟು ಅವರ ಜೊತೆಗೇ ಹೋಯಿತು. ಕುಬಟೂರಿನಲ್ಲಿರುವ ಅಕ್ಕ ವರದಮ್ಮ ಪಿಯಾನೊವನ್ನು ಕೇಳುಗರ ವಶಕ್ಕೇ ಕೊಟ್ಟರು. ಕೇಳುಗರು ಶ್ರಾವಣದ ಒಂದು ಭಾನುವಾರಕ್ಕೆ ನೆನಪಿನ ಕಾರ್ಯಕ್ರಮ ಗೊತ್ತುಮಾಡಿ, ಅದಕ್ಕೆ ಮೊದಲೇ ಮುಚ್ಚಳ ತೆರೆದು ನೋಡಿದರು. ಒತ್ತಿದರೆ ಮರದ ಸದ್ದು. ಒಳಗೆ ಬರೀ ತಂತಿ. ಕೆಳಗಿನ ಬಟ್ಟೆ ಅಂಗಡಿಯವರು, ಶಿಕಾರಿಪುರದ ಹಾರ್ಮೋನಿಯಂ ರಿಪೇರಿಯ ಹೆಂಗಸೊಬ್ಬಳು ಕಂಬಳಿಯಲ್ಲಿ ಏನೋ ಸುತ್ತಿಕೊಂಡು ಹೋದದ್ದನ್ನು ಕಂಡಿದ್ದೇನೆ ಎಂದರು.

ಮರುದಿನವೇ ನೀಲಾಂಬಿಕ ಅವರ ರಿಪೇರಿ ಅಂಗಡಿಯ ಮುಂದೆ ಕಾರು ಬಂತು. ಕೇಳುಗರ ಪೈಕಿ ಸೊರಬದ ಮೇಷ್ಟ್ರು ಶರತ್, ಅವರ ಜೊತೆ ಮಕ್ಕಳಿಗೆ ಕೀಬೋರ್ಡ್ ಕಲಿಸುವ ಮೇಘನಾ. ಶರತ್ ಒಳಗೆ ಕಾಲಿಡುವ ಮೊದಲೇ ಮೊಬೈಲ್ ತೆಗೆದು ಅಂಗಡಿಯ ಫೋಟೊ ಹಿಡಿಯತೊಡಗಿದರು. ನೀಲಾಂಬಿಕ ತಪ್ಪು ಮಾಡಿದ್ದು ಅಲ್ಲೇ.

“ರಾಜ್ ಸರ್ ಪಿಯಾನೊದ ಸಾಮಾನು ನಿಮ್ಮತ್ರ ಇದೆಯಾ?”

“ಪಿಯಾನೊನಾ? ಅದೇನ್ರೀ ಅದು?”

ಸುಳ್ಳಿಗೆ ಕಾರಣವಿತ್ತು. ಹಿಂದಿನ ವರ್ಷ ವ್ಯಾಪಾರಿಯೊಬ್ಬ ರಾಜಪ್ಪನವರ ಬೆನ್ನು ಬಿದ್ದಿದ್ದ; ಒಳಗಿನದನ್ನೆಲ್ಲ ಕಿತ್ತುಹಾಕಿ, ಹೊರಪೆಟ್ಟಿಗೆಯನ್ನು ಹೋಟೆಲಿನ ಅಲಂಕಾರಕ್ಕೆ ಇಡುವುದು ಅವನ ಲೆಕ್ಕಾಚಾರ. ಫೋಟೊ ಹಿಡಿಯುವವರು ಅವನ ಕಡೆಯವರೇ ಇರಬೇಕೆಂದು ಆಕೆ ತೀರ್ಮಾನಿಸಿದರು. ಆಕೆಯ ಸೆರಗಿಗೆ ಉಣ್ಣೆಯ ಎಳೆ ಅಂಟಿದ್ದನ್ನು ನೋಡಿದ ಶರತ್, ಇವಳು ಕಳ್ಳಿಯೇ ಎಂದು ತೀರ್ಮಾನಿಸಿದರು. ಸೊರಬಕ್ಕೆ ಆ ಮಾತು ಅಂದು ಸಂಜೆಯೇ ತಲುಪಿತು. ಅದನ್ನು ಬಸ್ಸಿನಲ್ಲಿ ಕೇಳಿದ ತೀರ್ಥೇಶ್ ಮೇಷ್ಟ್ರ ಮನೆ ಹುಡುಕಿಕೊಂಡು ಹೋದರು.

“ಅದು ಪ್ರತಿ ವರ್ಷ ಹೋಗುತ್ತೆ, ಬರುತ್ತೆ ಮಾರಾಯ್ರೆ. ಹನ್ನೊಂದು ವರ್ಷದಿಂದ ನಾನೇ ಟಿಕೆಟ್ ಹರೀತಿದೀನಿ.”

“ಹೋಗುತ್ತೆ ಅಂತ ಗೊತ್ತಾಯ್ತಲ್ಲ. ಮಾಲೀಕರೇ ಇಲ್ಲ ಈಗ, ಈ ಸಲ ಬರುತ್ತಾ?” ಎಂದರು ಶರತ್.

ಎರಡನೆಯ ಸಲ ಬಂದಾಗ ನೀಲಾಂಬಿಕ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದರು. “ನೀವು ಕೇಳೋಕೆ ಬರ್ತಿದ್ದೋರೇ ಹೌದಾದ್ರೆ ಒಂದು ಹೇಳ್ರಿ. ಅವರ ಪಿಯಾನೊದಾಗೆ ಒಂದು ಮನೆ ಸರಿ ಇರಲಿಲ್ಲ, ಕಟಕ್ ಅಂತಿತ್ತು. ಯಾವ ಕಡೆ?”

ಶರತ್ ತಬ್ಬಿಬ್ಬಾದರು. ಅಂಥದ್ದೇನೂ ಕೇಳಿದ ನೆನಪಿಲ್ಲ ಎಂದರು. ಮೇಘನಾ, “ಎಡಗಡೆ ಕೊನೆಗೆ ಇರಬೇಕು. ಅಲ್ಲಿಗೆ ಕೈ ಹೋದಾಗೆಲ್ಲ ಸರ್ ಕೆಮ್ಮುತ್ತಿದ್ದರು. ನಾವು ಅವರಿಗೆ ಕಫ ಅಂದುಕೊಂಡಿದ್ವಿ” ಎಂದರು.

ನೀಲಾಂಬಿಕ ಅಗಳಿ ತೆಗೆದರು.

“ಆ ಮನೆ ನಾನು ಸರಿ ಮಾಡಕ್ಕಾಗಲಿಲ್ಲ. ನನ್ನ ಮರ್ಯಾದೆ ಉಳಿಸಕ್ಕೆ ಕೆಮ್ಮೋರು ಅವರು” ಎನ್ನುತ್ತಾರೆ ಆಕೆ.

ಸಂಶಯ ಅಲ್ಲಿಗೇ ಮುಗಿಯಲಿಲ್ಲ. ಭಾನುವಾರಕ್ಕೆ ಬೇಕು, ಈಗಲೇ ಕಾರಿನಲ್ಲಿ ಒಯ್ಯುತ್ತೇವೆ ಎಂದರು ಶರತ್. ಇನ್ನೂ ಮಳೆಯಿದೆ, ಎರಡು ದಿನ ಅಲ್ಲಿಟ್ಟರೆ ಮರ ಉಬ್ಬಿ ಸುತ್ತಿಗೆ ಹಿಂದಕ್ಕೆ ಬರುವುದಿಲ್ಲ, ಕೊಡುವುದಿಲ್ಲ ಎಂದರು ಈಕೆ. ಇದೂ ಒಂದು ನೆವವೇ ಎನಿಸಿತು ಅವರಿಗೆ. ಕೊನೆಗೆ ಮೇಘನಾ ಬಗ್ಗಿ ಸುತ್ತಿಗೆಯೊಂದಕ್ಕೆ ಕೆನ್ನೆ ತಾಗಿಸಿ ನೋಡಿ, “ಬೆಚ್ಚಗಿದೆ ಸರ್, ಇಲ್ಲೇ ಇರಲಿ” ಎಂದದ್ದರಿಂದ ಕಾರು ಖಾಲಿ ಹೋಯಿತು.

ಆ ಭಾನುವಾರ ಕೇಳುಗರು ಮಹಡಿಯಲ್ಲಿ ಸೇರಿ ಮೊಬೈಲಿನಲ್ಲಿದ್ದ ರೆಕಾರ್ಡಿಂಗ್ ಹಾಕಿಕೊಂಡರು. ನಡುವೆ ಕೆಮ್ಮು ಬಂದಾಗ ಎಲ್ಲರೂ ನಕ್ಕರಂತೆ. ಮೇಘನಾ ಫೋನು ಮಾಡಿ ಅದನ್ನು ತಿಳಿಸಿದರು. ದೀಪಾವಳಿ ಕಳೆದ ಮೇಲೆ ನಿಜವಾದ ಕಾರ್ಯಕ್ರಮ, ನುಡಿಸುವವರು ಮೇಘನಾ.

“ನನಗೂ ಒಂದು ಕುರ್ಚಿ ಹಾಕಿದ್ರೆ ಸಾಕು” ಎನ್ನುತ್ತಾರೆ ನೀಲಾಂಬಿಕ. “ಇಷ್ಟು ವರ್ಷ ಕೂರಿಸಿದ ತಕ್ಷಣ ಬಸ್ಸಿಗೆ ಓಡೀನಿ. ಒಂದಿನಾನೂ ಪೂರ್ತಿ ಕೇಳಿಲ್ಲ.”

ಈಗ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶರತ್ ಬರುತ್ತಾರೆ. ಇಲ್ಲೇ ಏನೋ ಕೆಲಸವಿತ್ತು ಎನ್ನುತ್ತಾರೆ. ಕೋಣೆಯೊಳಗೆ ಹೋಗಿ ಕಂಬಳಿ ಸರಿಸಿ, ತುಟಿ ಅಲ್ಲಾಡಿಸುತ್ತಾ ಸುತ್ತಿಗೆಗಳನ್ನು ಎಣಿಸುತ್ತಾರೆ. ಎಂಬತ್ತೆಂಟು ಇರಬೇಕು, ಇವೆ. ಅವರು ಬಂದ ಸದ್ದಾದ ಕೂಡಲೇ ನೀಲಾಂಬಿಕ ಎದ್ದು ಅಡುಗೆಮನೆ ಸೇರುತ್ತಾರೆ. ಚಹಾ ಕುದಿದರೂ ಹೊರಗೆ ತರುವುದಿಲ್ಲ, ಕಂಬಳಿ ಮತ್ತೆ ಹೊದಿಸಿದ ಮೇಲೆಯೇ ಲೋಟ ಹಿಡಿದು ಬರುತ್ತಾರೆ.

ಹೀಗೆ ಎಣಿಸಿದರೆ ನಿಮಗೆ ಬೇಸರವಲ್ಲವೇ ಎಂದರೆ ಆಕೆ ಚಹಾ ಸೋಸುವ ಜಾಲರಿ ಕೊಡವುತ್ತಾ ಹೇಳುತ್ತಾರೆ:

“ಎಣಿಸ್ಲಿ ಬಿಡ್ರೀ, ಅವರ ಗುರುಗಳ ಸಾಮಾನು. ನಾನು ಎದುರಿಗೆ ನಿಂತ್ರೆ ಪಾಪ, ಅವರಿಗೆ ನಾಚಿಕೆ ಆಗುತ್ತೆ.”