ನಮ್ಮನೆ ಹೆಂಗಸರಿಗೆಲ್ಲ ಏಳೇ

ನಾನು ಸೀಮೆಸುಣ್ಣ ತಿನ್ನುತ್ತಿದ್ದೆ.

ಅಜ್ಜಂಪುರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಗಳು ದಾರಕ್ಕಿಂತ ಬೇಗ ಖರ್ಚಾಗತೊಡಗಿದವು. ಮೊದಲು ಮೂಲೆ ಕಚ್ಚಿದೆ. ಆಮೇಲೆ ಅರ್ಧ. ಮಳೆ ಬಿದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಯಾರಿಗೆ ಹೇಳುವುದು? ವಯಸ್ಸು ನಲವತ್ತಾರು, ಮಗಳು ತರೀಕೆರೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ, ಇವಳು ಅಂಬೆಗಾಲಿಡುವ ಕೂಸಿನ ಹಾಗೆ ಸುಣ್ಣ ನೆಕ್ಕುತ್ತಾಳೆ ಅಂದರೆ ಊರು ನಗದೆ ಬಿಡುತ್ತದೆಯೇ?

ಆಮೇಲೆ ಉಸಿರು. ಅಂಗಡಿಯ ಮೆಟ್ಟಿಲು ಹತ್ತಿದರೆ ಎದೆ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ನಾನು ಹುಟ್ಟಿನಿಂದಲೇ ಚಿಂತೆಯವಳು. ಬಸ್ಸು ತಡವಾದರೆ ಅಪಘಾತ, ಫೋನ್ ಎತ್ತದಿದ್ದರೆ ಸಾವು ಎಂದು ತೀರ್ಮಾನಿಸಿಬಿಡುವ ಪೈಕಿ. ನನ್ನ ವಿಷಯದಲ್ಲೂ ತೀರ್ಮಾನ ಆಗಿಹೋಗಿತ್ತು. ಹಾರ್ಟು. ಅದಲ್ಲದಿದ್ದರೆ ಕ್ಯಾನ್ಸರು. ನನ್ನ ಅದೃಷ್ಟಕ್ಕೆ ಎರಡೂ ಇರಬಹುದು.

ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆ. ಸಂಜೆ ರಿಪೋರ್ಟು ಬಂತು. ತುಂಬಾ ಇಂಗ್ಲಿಷು, ತುಂಬಾ ಅಂಕಿ, ಕೆಲವಕ್ಕೆ ಪಕ್ಕದಲ್ಲಿ ನಕ್ಷತ್ರ. ಮಗಳು ವಾಣಿ ನನ್ನ ಫೋನಿಗೆ ಒಂದು ಎಐ ಹಾಕಿಕೊಟ್ಟಿದ್ದಳು, ಕನ್ನಡದಲ್ಲೇ ಕೇಳು ಅಂದಿದ್ದಳು. ಕೇಳಿದೆ. 'ಪ್ಲೇಟ್‌ಲೆಟ್ 3.2 ಇದೆ. ನಾರ್ಮಲ್ ಎಷ್ಟು?'

ಸಾಮಾನ್ಯವಾಗಿ 150ರಿಂದ 450 ಇರಬೇಕು, 3.2 ಎಂದರೆ ಪ್ರಾಣಾಪಾಯ, ತಕ್ಷಣ ಆಸ್ಪತ್ರೆಗೆ ಹೋಗಿ ಎಂದಿತು.

ನಾನು ಕತ್ತರಿ ಕೆಳಗಿಟ್ಟು ನೆಲದ ಮೇಲೆ ಕೂತೆ.

ನಾನು ಫೋನ್ ಮಾಡಿದ್ದೇ ತಡ, ನಮ್ಮ ಯಜಮಾನರು ತೆಂಗಿನ ತೋಟದಿಂದ ಬೈಕಿನಲ್ಲಿ ಹಾರಿ ಬಂದರು. ದಾರಿಯಲ್ಲೇ ವಾಣಿಗೆ ಫೋನ್ ಮಾಡಿ ಅಳಿಸಿದ್ದರು. ಅವಳು ರಿಪೋರ್ಟಿನ ಫೋಟೋ ತರಿಸಿಕೊಂಡು ನೋಡಿ ಬೈದಳು. "ಅಮ್ಮಾ, ಪಕ್ಕದಲ್ಲಿ ಲಕ್ಷ ಅಂತ ಬರ್ದಿದೆ ನೋಡು. ಮೂರೂ ಚಿಲ್ರೆ ಲಕ್ಷ. ನಮ್ಮ ಲ್ಯಾಬ್‌ನೋರು ಲಕ್ಷದಲ್ಲಿ ಬರೀತಾರೆ, ಅದು ಸಾವಿರದ ಲೆಕ್ಕದಲ್ಲಿ ಹೇಳಿದೆ. ನೀನು ಅಂಕಿ ಒಂದೇ ಕೊಟ್ರೆ ಅದಕ್ಕೇನು ಕನಸು ಬೀಳುತ್ತಾ?"

ಲಕ್ಷ ಎಂದು ಸೇರಿಸಿ ಮತ್ತೆ ಕೇಳಿದೆ. ಕ್ಷಮಿಸಿ, ಅಳತೆ ಯಾವುದೆಂದು ಮೊದಲೇ ಕೇಳಬೇಕಿತ್ತು, ಇದು ನಾರ್ಮಲ್, ಎಂದಿತು. ಇಂಚೋ ಸೆಂಟಿಮೀಟರೋ ಹೇಳದೆ ಮೂವತ್ತಾರು ಅಂತ ಬರೆದುಕಳಿಸಿದ ಗಿರಾಕಿಗಳನ್ನು ನಾನು ಎಷ್ಟು ಬೈದಿಲ್ಲ!

ಈ ಸಲ ರಿಪೋರ್ಟಿನ ಇಡೀ ಸಾಲನ್ನು ನೋಡಿಕೊಂಡು ಟೈಪ್ ಮಾಡಿದೆ. ಹಿಮೋಗ್ಲೋಬಿನ್ 6.8, ಗ್ರಾಂ, ಡೆಸಿಲೀಟರ್, ಹೆಂಗಸು, ವಯಸ್ಸು ಇಷ್ಟು, ಉಸಿರು ಕಟ್ಟುತ್ತದೆ. ಹೆಂಗಸರಿಗೆ ಹನ್ನೆರಡರ ಮೇಲಿರಬೇಕು, ಇದು ತುಂಬಾ ಕಡಿಮೆ, ಉಸಿರಿನ ತೊಂದರೆ ಇರುವುದರಿಂದ ತಡಮಾಡದೆ ಡಾಕ್ಟರನ್ನು ನೋಡಿ ಎಂದಿತು. ಕೊನೆಗೆ ಒಂದು ಪ್ರಶ್ನೆ ಕೇಳಿತು. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ಇಂಥವನ್ನು ತಿನ್ನಬೇಕೆಂಬ ಆಸೆ ಆಗುತ್ತಿದೆಯೇ?

ಫೋನನ್ನು ಬೋರಲು ಹಾಕಿದೆ.

ಮನೆಯಲ್ಲಿ ಈ ಸಲ ಯಾರೂ ಹೆದರಲಿಲ್ಲ. ಒಂದು ಸಲ ಸುಳ್ಳು ಹೇಳಿದ ಯಂತ್ರ, ದಿನಾ ಸಾಯುವ ನಾನು, ಇಬ್ಬರ ಮಾತಿಗೂ ಬೆಲೆ ಇಳಿದಿತ್ತು. ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಹೇಳಿದರು, "ಹನ್ನೆರಡಂತೆ! ನಂಗೂ ಏಳೇ ಇದ್ದಿದ್ದು. ನಮ್ಮತ್ತೆಗೂ ಅಷ್ಟೇ ಇದ್ದಿರ್ಬೇಕು, ಯಾರು ನೋಡಿದ್ರು? ನಮ್ಮನೆ ಹೆಂಗಸ್ರಿಗೆಲ್ಲ ಏಳೇ ಕಣೇ. ನಾಲ್ಕು ಹೆತ್ತು ಸಾಕ್ಲಿಲ್ವಾ ನಾನು?"

ನನಗೆ ರೇಗಿತು. ಒಂದು ಮನೆಯ ಹೆಂಗಸರೆಲ್ಲ ಕುಂಟಿದರೆ ಕುಂಟುವುದೇ ನಡಿಗೆ ಆಗುತ್ತದೆಯೇ? ಮರುದಿನ ಯಜಮಾನರನ್ನು ಹೊರಡಿಸಿಕೊಂಡು ಕಡೂರಿಗೆ ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ರೆಪ್ಪೆ ಎಳೆದು ನೋಡಿದರು. ಸ್ಕ್ಯಾನಿಂಗ್ ಮಾಡಿಸಿದರು. "ಗರ್ಭಕೋಶದಲ್ಲಿ ಸಣ್ಣ ಫೈಬ್ರಾಯ್ಡ್ ಗಡ್ಡೆ ಇದೆ. ಮುಟ್ಟಿನಲ್ಲಿ ಜಾಸ್ತಿ ಹೋಗ್ತಿದೆ ಅಂತೀರಿ. ಊಟ ಸರಿಯಾಗಿ ಮಾಡ್ತೀರಾ?"

"ಮಾಡ್ತೀನಿ ಮೇಡಂ."

"ಐರನ್ ಮಾತ್ರೆ?"

"ಹೆಲ್ತ್ ಸೆಂಟರಲ್ಲಿ ಕೊಟ್ಟಿದ್ರು. ತಿಂಗಳಾನುಗಟ್ಲೆ ನುಂಗಿದೀನಿ."

"ನುಂಗಿನೂ ಏರಿಲ್ವಾ?" ಅವರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಹೋಗ್ತಿರೋದೇ ಜಾಸ್ತಿ ಇರ್ಬೇಕು. ಮೊದಲು ರಕ್ತ ಏರಿಸಿ, ಆಮೇಲೆ ಗರ್ಭಕೋಶ ತೆಗೆಸೋದರ ಬಗ್ಗೆನೂ ಯೋಚ್ನೆ ಮಾಡ್ಬೇಕಾಗುತ್ತೆ. ಮನೇಲಿ ಮಾತಾಡಿ, ಮಧ್ಯಾಹ್ನ ಬನ್ನಿ."

ಯೋಚನೆ ಮಾಡಿ ಎಂದಿದ್ದು ಹೊರಗೆ ಬರುವಷ್ಟರಲ್ಲಿ ತೆಗೆಸಿ ಎಂದಾಗಿತ್ತು. ಯಜಮಾನರು ಅತ್ತೆಗೆ ಫೋನ್ ಹಚ್ಚಿದರು. ಆಸ್ಪತ್ರೆ ಬಾಗಿಲಿಗೆಲ್ಲ ಕೇಳಿಸುವ ಹಾಗೆ ಅತ್ತೆ ಕೂಗಿದರು. "ತೆಗೆಸಿ ಬಿಸಾಕ್ಲಿ ಕಣೋ. ನಿನ್ ತಂಗಿಗೆ ತೆಗೆಸ್ಲಿಲ್ವಾ? ಇವ್ಳಿನ್ನೇನು ಹೆರ್ಬೇಕಾ?"

ಹೆರುವುದಿಲ್ಲ. ಹಾಗಂತ ನನ್ನ ಮೈಯೊಳಗಿನದು ಹಳೇ ಅಟ್ಟದ ಸಾಮಾನೇ? ಮಾತ್ರೆಗೆ ರಕ್ತ ಏರದೆ ಇದ್ದದ್ದು ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಆದರೆ ಕತ್ತರಿಸಬೇಕಾದದ್ದು ಯಾವುದು ಎಂದು ಎಲ್ಲರಿಗೂ ಗೊತ್ತು. ಅಳತೆ ತಪ್ಪಿದರೆ ನಾನು ಬಟ್ಟೆಯ ಹೊಲಿಗೆ ಬಿಚ್ಚುತ್ತೇನೆ. ಗಿರಾಕಿಯ ತೋಳು ಕತ್ತರಿಸುವುದಿಲ್ಲ.

"ಯಾಕೆ ಏರ್ಲಿಲ್ಲ ಅಂತ ಗೊತ್ತಾಗೋವರ್ಗೂ ನಾನು ಸೈನ್ ಹಾಕಲ್ಲ ಕಣ್ರೀ," ಎಂದೆ.

"ಆಯ್ತು ಬಿಡೇ, ಊಟ ಮಾಡ್ಕೊಂಡು ಮಾತಾಡನ."

"ಇವತ್ತು ಸೋಮವಾರ."

"ಓ, ಹೌದಲ್ಲ," ಎಂದು ಅವರೊಬ್ಬರೇ ಹೋಟೆಲಿಗೆ ಹೋದರು. ಸೋಮವಾರ ನನಗೆ ಒಪ್ಪತ್ತು. ರಾತ್ರಿ ಒಂದೇ ಹೊತ್ತು ಊಟ, ಅಲ್ಲಿಯವರೆಗೆ ಕಾಫಿ. ಅವರ ಬಿಪಿ ಇಳಿಯಲಿ ಎಂದು ಹೊತ್ತ ಹರಕೆ ಅದು. ಅವರು ಒಳಗೆ ಉಪ್ಪಿನಕಾಯಿ ಜೊತೆ ಉಣ್ಣುತ್ತಿದ್ದರು, ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅವರ ಬಿಪಿಗಾಗಿ ಉಪವಾಸ ಕೂತಿದ್ದೆ.

ಫೋನ್ ತೆಗೆದು ಕೇಳಿದೆ. ಐರನ್ ಮಾತ್ರೆ ನುಂಗಿದರೂ ರಕ್ತ ಯಾಕೆ ಏರಲ್ಲ? ಅದು ನಾಲ್ಕಾರು ಕಾರಣ ಹೇಳಿ, ತಿರುಗಿ ನನ್ನನ್ನೇ ಕೇಳಿತು. ದಿನಕ್ಕೆ ಎಷ್ಟು ಹೊತ್ತು ಉಣ್ಣುತ್ತೀರಿ? ಉಪವಾಸ ಮಾಡುತ್ತೀರಾ? ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ?

ಮನುಷ್ಯರಿಗೆ ಹೇಳುವಾಗ ಬರುವ ಸಂಕೋಚ ಫೋನಿನ ಮುಂದೆ ಬರಲಿಲ್ಲ. ಟೈಪ್ ಮಾಡುತ್ತಾ ಹೋದೆ. ಸೋಮವಾರ ಯಜಮಾನರ ಬಿಪಿಗೆ. ಗುರುವಾರ ಮಗಳ ಪರೀಕ್ಷೆಗೆ. ಶುಕ್ರವಾರ ಅಂಗಡಿಗೆ. ಶನಿವಾರ ಯಜಮಾನರ ಆಯಸ್ಸಿಗೆಂದು ಶನಿದೇವರಿಗೆ, ಅದು ಮದುವೆಯಾಗಿ ಬಂದಾಗಿನಿಂದ ಅತ್ತೆ ಹಾಕಿಕೊಟ್ಟ ಪದ್ಧತಿ. ಉಳಿದ ದಿನ ಅತ್ತೆಗೂ ನನಗೂ ಎಲ್ಲರದೂ ಆದಮೇಲೆ ಉಳಿದು ತಣ್ಣಗಾದದ್ದು. ಮಾತ್ರೆ ಕಾಫಿ ಜೊತೆ, ಯಾಕೆಂದರೆ ಒಪ್ಪತ್ತಿನಲ್ಲಿ ಕಾಫಿ ಕುಡಿಯಬಹುದು.

ಓದಿಕೊಂಡೆ. ನನ್ನ ಒಂದೊಂದು ಚಿಂತೆಗೂ ಒಂದೊಂದು ಊಟ ಕೊಟ್ಟಿದ್ದೆ. ಚಿಂತೆಗಳು ಉಂಡು ದಪ್ಪಗಾಗಿದ್ದವು.

ಕಾಫಿ ಜೊತೆ ನುಂಗಿದರೆ ಮಾತ್ರೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಅದು ಬರೆಯಿತು. ಕಾರಣ ಇದೊಂದೇ ಎಂದು ನಾನು ಹೇಳಲಾರೆ, ಆಪರೇಷನ್ ಬಗ್ಗೆ ತೀರ್ಮಾನಿಸುವ ಮೊದಲು ಇದೆಲ್ಲವನ್ನೂ ಡಾಕ್ಟರಿಗೆ ಹೇಳಿ ಎಂದಿತು.

ನನ್ನ ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇತ್ತು.

ಮಧ್ಯಾಹ್ನ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದೆ. ಅವರು ತಲೆ ಮೇಲೆ ಕೈಯಿಟ್ಟುಕೊಂಡರು. "ಬೆಳಿಗ್ಗೆ ಕೇಳಿದ್ನಲ್ಲ ಊಟ ಮಾಡ್ತೀರಾ ಅಂತ!"

"ನೀವು ಊಟ ಕೇಳಿದ್ರಿ ಮೇಡಂ. ಇದು ದೇವ್ರ ವಿಷ್ಯ."

ಯಜಮಾನರು ಕಿಟಕಿ ಕಡೆ ನೋಡಿದರು. ಡಾಕ್ಟರಮ್ಮ ನಕ್ಕರೋ ಬೈದರೋ ತಿಳಿಯಲಿಲ್ಲ. ಅಡ್ಮಿಟ್ ಮಾಡಿ ಒಂದು ಬಾಟಲಿ ರಕ್ತ ಏರಿಸಿದರು, ಐರನ್ ಅನ್ನು ಡ್ರಿಪ್‌ನಲ್ಲಿ ಕೊಟ್ಟರು, ಸ್ರಾವಕ್ಕೆ ಬೇರೆ ಮಾತ್ರೆ ಬರೆದರು. "ಮೂರು ತಿಂಗಳು ನೋಡೋಣ. ಹೊತ್ತು ಹೊತ್ತಿಗೆ ಉಣ್ಣಿ. ಕಾಫಿನೂ ಮಾತ್ರೆನೂ ದೂರ ದೂರ ಇರ್ಲಿ. ಏರ್ತಾ ಹೋದ್ರೆ ತೆಗೆಯೋ ಮಾತೇ ಬೇಡ. ಏರ್ದೆ ಇದ್ರೆ ಮತ್ತೆ ಕೂತು ಮಾತಾಡೋಣ."

ನನ್ನ ಗರ್ಭಕೋಶ ಉಳಿಯುವುದು ಈಗ ನನ್ನ ಊಟದ ತಟ್ಟೆಯ ಮೇಲೆ ನಿಂತಿತ್ತು.

ಮನೆಗೆ ಬಂದ ಮೊದಲ ಶನಿವಾರ, ಮಧ್ಯಾಹ್ನ, ಯಜಮಾನರ ಪಕ್ಕದಲ್ಲೇ ತಟ್ಟೆ ಹಾಕಿಕೊಂಡು ಕೂತೆ. ಮುದ್ದೆ, ಸೊಪ್ಪಿನ ಸಾರು. ಮದುವೆಯಾದಮೇಲೆ ಶನಿವಾರದ ಮಧ್ಯಾಹ್ನ ಮೊದಲ ಸಲ ಮುದ್ದೆ ಮುರಿದೆ.

ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತರು. "ಏನೇ ಇದು? ನನ್ ಮಗನಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಿಮ್ಮ ಮಗನ ಬಿಪಿಗೆ ನಿಮ್ಮ ಮಗನೇ ಉಪ್ಪಿನಕಾಯಿ ಬಿಡ್ಲಿ ಅತ್ತೆ."

ಯಜಮಾನರ ಕೈ ಜಾಡಿಯ ಮುಚ್ಚಳದ ಮೇಲಿತ್ತು. ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ಆ ಮುದ್ದೆ ಇಳಿಯುವಾಗ ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಸಂಜೆಯವರೆಗೂ ಅವರ ಬೈಕಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಅವರು ಬಂದರು, ಆಕಳಿಸಿದರು, ಟೀವಿ ಹಾಕಿದರು. ಶನಿದೇವರಿಗೆ ನನ್ನ ಒಂದು ಮುದ್ದೆಗಿಂತ ದೊಡ್ಡ ಕೆಲಸಗಳಿವೆ ಎಂದುಕೊಂಡೆ. ಮುಂದಿನ ಶನಿವಾರವೂ ಉಂಡೆ.

ಮೂರು ತಿಂಗಳ ಮೇಲೆ 10.9 ಬಂತು. ಪಕ್ಕದಲ್ಲಿ ನಕ್ಷತ್ರ ಇನ್ನೂ ಇದೆ. ಸ್ವಲ್ಪ ಕಡಿಮೆಯೇ, ಆದರೆ ಒಳ್ಳೆಯ ಏರಿಕೆ ಎಂದಿತು ಎಐ. ಆಪರೇಷನ್ ಮಾತು ಸದ್ಯಕ್ಕಿಲ್ಲ ಎಂದರು ಡಾಕ್ಟರಮ್ಮ. ಸದ್ಯಕ್ಕೆ ಎನ್ನುವ ಪದವನ್ನು ಹಿಡಿದುಕೊಂಡು ಒಂದು ವಾರ ಚಿಂತೆ ಮಾಡಿದೆ, ಮೂರು ಹೊತ್ತೂ ಉಂಡುಕೊಂಡು. ಚಿಂತೆ ಬಿಡುವುದು ನನ್ನ ಕೈಲಾಗದು. ಅದಕ್ಕೆ ಅನ್ನ ಹಾಕುವುದನ್ನು ಬಿಟ್ಟಿದ್ದೇನೆ.

ಆದರೆ ಒಂದು ಸೋಮವಾರ ಅಂಗಡಿಯಿಂದ ಮಧ್ಯಾಹ್ನ ಬಂದರೆ ಅತ್ತೆಯ ತಟ್ಟೆ ತೊಳೆದಿಟ್ಟ ಹಾಗೇ ಇತ್ತು. ಅವರ ಒಪ್ಪತ್ತು ಶನಿವಾರ ಮಾತ್ರ.

"ಉಣ್ಲಿಲ್ವಾ?"

"ನೀನು ಬಿಟ್ಟ ಸೋಮವಾರ ಯಾರಾದ್ರೂ ತುಂಬ್ಬೇಕಲ್ಲ," ಎಂದರು ಗೋಡೆಗೆ ಒರಗಿಕೊಂಡು. ಉಸಿರು ಅವರಿಗೂ ಮೇಲೆ ಮೇಲೆ ಬರುತ್ತಿತ್ತು. "ಗುರುವಾರ ಶುಕ್ರವಾರನೂ ನಾನೇ ಮಾಡ್ತಿದೀನಿ. ಮಗು ಪರೀಕ್ಷೆ ಇದೆ."

ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಒಲೆ ಕಡೆ ಹೋಯಿತು. ನೀರಿಟ್ಟು, ಹಿಟ್ಟು ಹಾಕಿ, ತೊಳಸಿ, ಮುದ್ದೆ ಕಟ್ಟಿ ತಂದು ಅವರ ಮುಂದೆ ಇಟ್ಟೆ.

"ಅದು ನನ್ನ ಹರಕೆ ಅತ್ತೆ. ಹೊತ್ತೋಳೂ ನಾನೇ, ಬಿಟ್ಟೋಳೂ ನಾನೇ. ನಿಮಗೆ ಯಾರು ಕೊಟ್ರು? ಉಣ್ಣಿ. ನಾಳೆ ಲ್ಯಾಬಿಗೆ ಹೋಗನ."

"ದೇವ್ರು ಸುಮ್ನಿರ್ತಾನೇನೇ?"

"ನನ್ ಹತ್ರ ಕಳ್ಸಿ. ಮಾತಾಡ್ತೀನಿ."

ಅತ್ತೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೈ ಚಾಚಿ ಮುದ್ದೆಯನ್ನು ಬೆರಳ ತುದಿಯಿಂದ ಮುಟ್ಟಿ, ಚುರುಕ್ ಎಂದು ಹಿಂದೆಗೆದರು.

"ಇಷ್ಟು ಬಿಸಿ ಇರುತ್ತೇನೇ ಇದು?" ಎಂದು ಕೇಳಿದರು.