ಲಿಫ್ಟಣ್ಣ ಹೇಳಿದ ಅಣಬೆ

ಲಿಫ್ಟಣ್ಣ ಹೋಟೆಲಿಗೆ ಹೋಗುವಾಗ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದ. ಊಟ ಮುಗಿಸಿ ಇಳಿಯುವಾಗ ಮಾತ್ರ ಲಿಫ್ಟು. ಮೂವತ್ತು ವರ್ಷ ನಗರದ ಲಿಫ್ಟುಗಳನ್ನು ರಿಪೇರಿ ಮಾಡಿದವನು ಹೀಗೆ ಮಾಡುವುದನ್ನು ಕಂಡು ಯಾರಾದರೂ ನಕ್ಕರೆ, "ಹಸಿವು ತಾನಾಗೇ ಬರಲ್ಲ ಕಣಪ್ಪಾ, ಹತ್ತಿ ಹೋಗಿ ಕರ್ಕೊಂಡು ಬರಬೇಕು" ಎನ್ನುತ್ತಿದ್ದ. ಅವನ ಹಿಂದೆ ಏದುಸಿರು ಬಿಡುತ್ತಾ ಹತ್ತುತ್ತಿದ್ದವರು ಇಬ್ಬರು: ಕನ್ನಡಕದ ಅಂಗಡಿಯವನು ಮತ್ತು ಗಣಿತದ ಟೀಚರು.

ಮೂವರ ಸ್ನೇಹ ಶುರುವಾದದ್ದೇ ಒಂದು ಕೆಟ್ಟ ಲಿಫ್ಟಿನಿಂದ. ಹನ್ನೊಂದು ವರ್ಷದ ಹಿಂದೆ, ಒಬ್ಬರಿಗೊಬ್ಬರು ಗುರುತಿಲ್ಲದ ಕನ್ನಡಕದವನೂ ಟೀಚರೂ ಒಂದು ದೊಡ್ಡ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಒಂದೂವರೆ ಗಂಟೆ ಸಿಕ್ಕಿಕೊಂಡಿದ್ದರು. ಬಾಗಿಲು ಬಿಡಿಸಿ, ಕೈ ಹಿಡಿದು ಮೇಲೆಳೆದುಕೊಂಡವನು ಲಿಫ್ಟಣ್ಣ. ಇಬ್ಬರ ಬಾಡಿದ ಮುಖ ನೋಡಿ ನೆಲಮಾಳಿಗೆಯ ಕ್ಯಾಂಟೀನಿಗೆ ಕರೆದೊಯ್ದು, ತಾನೇ ಹೇಳಿ ಊಟ ತರಿಸಿದ. ಕನ್ನಡಕದವನ ಮುಂದೆ ಬಂದದ್ದು ಅಣಬೆಯ ಸೂಪು.

ಕನ್ನಡಕದವನಿಗೆ ಅಣಬೆ ಕಂಡರಾಗದು. ಬಾಯಿಗಿಟ್ಟರೆ ಒದ್ದೆ ರಬ್ಬರು ಅಗಿದ ಹಾಗಾಗುತ್ತದೆ. ಆದರೆ ಆಗಷ್ಟೇ ಜೀವ ಉಳಿಸಿದವನ ಎದುರು ಹಾಗೆನ್ನುವುದು ಹೇಗೆ?

"ಹೇಗಿದೆಯಪ್ಪಾ?"

"ತುಂಬಾ ಚೆನ್ನಾಗಿದೆ ಅಣ್ಣ. ಇಂಥದ್ದು ಎಲ್ಲೂ ತಿಂದಿಲ್ಲ."

ಎರಡನೆಯ ಮಾತಾದರೂ ನಿಜವಾಗಿತ್ತು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಹೊಸ ಹೋಟೆಲು. ಲಿಫ್ಟಣ್ಣ ಒಂದು ನಿಯಮವನ್ನೂ ಮಾಡಿಟ್ಟ: ತನಗೇನು ಬೇಕೆಂದು ಯಾರೂ ಹೇಳುವಂತಿಲ್ಲ, ತಮ್ಮ ಎಡಗಡೆ ಕೂತವರಿಗೆ ಏನು ಬೇಕೆಂದು ಹೇಳಬೇಕು. "ಸ್ನೇಹಿತರು ಅಂದಮೇಲೆ ಅಷ್ಟೂ ಗೊತ್ತಿರಲ್ವಾ?" ಎಂಬುದು ಅವನ ವಾದ. ಕನ್ನಡಕದವನು ಟೀಚರಿಗೆ, ಟೀಚರು ಲಿಫ್ಟಣ್ಣನಿಗೆ, ಲಿಫ್ಟಣ್ಣ ಕನ್ನಡಕದವನಿಗೆ. ಹೋಟೆಲು ಬದಲಾದರೂ ಕೂರುವ ಕ್ರಮ ಬದಲಾಗಲಿಲ್ಲ, ಅಣಬೆಯೂ ಬದಲಾಗಲಿಲ್ಲ.

ಇಪ್ಪತ್ತನೇ ಮಹಡಿಯಲ್ಲಿ ಮೆಲ್ಲಗೆ ಸುತ್ತುವ ಹೋಟೆಲಿನಲ್ಲಿ ನಗರವೆಲ್ಲ ಒಂದು ಸುತ್ತು ಹೊಡೆಯುವಷ್ಟರಲ್ಲಿ ಅವನು ಅಣಬೆಯ ಅನ್ನ ತಿಂದು ಮುಗಿಸಬೇಕಾಯಿತು. ತಟ್ಟೆಗಳು ಓಡುವ ಬೆಲ್ಟಿನ ಮೇಲೆ ಸಾಲಾಗಿ ಹರಿದು ಬರುವ ಹೋಟೆಲಿನಲ್ಲಿ, ಅಣಬೆಯ ತಟ್ಟೆ ಮುಂದೆ ಹೋಗಿಬಿಡಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಲಿಫ್ಟಣ್ಣ ಕೈ ಚಾಚಿ ಎರಡು ತಟ್ಟೆ ಹಿಡಿದ. ದೀಪ ಸಾಲದೆ ಎಲ್ಲರೂ ಫೋನಿನ ಬೆಳಕಿನಲ್ಲಿ ಮೆನು ಓದುತ್ತಿದ್ದ ದುಬಾರಿ ಹೋಟೆಲಿನಲ್ಲಂತೂ, ತಾನೇನು ತಿನ್ನುತ್ತಿದ್ದೇನೆಂದು ಕಾಣುವುದಿಲ್ಲವಲ್ಲ ಎಂಬುದೇ ಅವನಿಗೊಂದು ಸಮಾಧಾನ.

ಹೋಟೆಲುಗಳನ್ನು ಆರಿಸುತ್ತಿದ್ದವನು ಲಿಫ್ಟಣ್ಣನೇ. ಅವನು ಅವುಗಳನ್ನು ಹಿಂಬಾಗಿಲಿನಿಂದ ಬಲ್ಲವನು. ಯಾವ ಅಡುಗೆಮನೆಯಲ್ಲಿ ನೆಲ ಒರೆಸುತ್ತಾರೆ, ಯಾವ ಬಾಣಸಿಗ ತಾನು ಮಾಡಿದ್ದನ್ನು ತಾನೇ ತಿನ್ನುವುದಿಲ್ಲ, ಎಲ್ಲ ಗೊತ್ತು. ಎಷ್ಟು ಸೋಪು ತಿಕ್ಕಿದರೂ ಅವನ ಬೆರಳಿನ ಸಂದಿಯಲ್ಲಿ ಗ್ರೀಸು ಉಳಿಯುತ್ತಿತ್ತು. ಬಿಳಿ ಮೇಜುಬಟ್ಟೆಯ ಹೋಟೆಲಿಗೆ ಹೋದಾಗ ಕೈಗಳನ್ನು ತೊಡೆಯ ಮೇಲಿಟ್ಟು, ಹೊಸ ಮದುಮಗನ ಹಾಗೆ ಕೂರುತ್ತಿದ್ದ.

ಹನ್ನೊಂದು ವರ್ಷ ಒಬ್ಬ ಮನುಷ್ಯ ಬೇಡದ್ದನ್ನು ತಿನ್ನುತ್ತಾನೆಯೇ ಎಂದರೆ, ಕನ್ನಡಕದವನನ್ನು ಬಲ್ಲವರು ತಿನ್ನುತ್ತಾನೆ ಎನ್ನುತ್ತಾರೆ. ಅವನ ಬಾಯಲ್ಲಿ 'ಬೇಡ' ಎಂಬ ಮಾತು ಹೊರಡುವುದೇ ಇಲ್ಲ. ಅವನ ಭಾವಮೈದುನ "ಎರಡು ದಿನ ಇಟ್ಕೊಳ್ಳಿ ಭಾವ" ಎಂದು ತಂದಿಟ್ಟ ಹಳೆಯ ಸೋಫಾ ನಾಲ್ಕು ವರ್ಷದಿಂದ ಅಂಗಡಿಯ ಅರ್ಧ ಜಾಗ ನುಂಗಿ ಕೂತಿದೆ. ಕಣ್ಣು ಪರೀಕ್ಷೆಗೆ ಬಂದವರು ಅದರಲ್ಲಿ ಹೂತುಹೋಗಿ, ಗೋಡೆಯ ಅಕ್ಷರದ ಬದಲು ಛಾವಣಿ ನೋಡುತ್ತಾರೆ.

ಕೆಲವು ತಿಂಗಳ ಹಿಂದೆ ಲಿಫ್ಟಣ್ಣ ಎದೆನೋವೆಂದು ಆಸ್ಪತ್ರೆ ಸೇರಿದ. ಡಾಕ್ಟರು ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಮಾತಾಡಿದ ದಿನ, ಕನ್ನಡಕದವನು ಒಂದು ನಿರ್ಧಾರ ಮಾಡಿದ. ಅಣ್ಣನ ಮುಂದೆ ಒಂದು ಸುಳ್ಳು ಇಟ್ಟುಕೊಂಡು ಅವನನ್ನು ಕಳಿಸಿಕೊಡಬಾರದು, ಇವತ್ತು ಹೇಳಿಬಿಡಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದ.

ಲಿಫ್ಟಣ್ಣ ಕಣ್ಣು ಮುಚ್ಚಿ ಕಿವಿಗೊಟ್ಟು ಮಲಗಿದ್ದ. "ಮೂರನೇ ಮಹಡೀಲಿ ಲಿಫ್ಟಿನ ಬಾಗಿಲು ಉಜ್ತಾ ಇದೆ. ಯಾರಿಗಾದ್ರೂ ಹೇಳಿ ಹೋಗೋ" ಎಂದ. ಆಮೇಲೆ ಕಣ್ಣು ಬಿಟ್ಟು, "ಹೋದ ಸಲದ್ದು ಹೇಗಿತ್ತು? ಬೆಣ್ಣೇಲಿ ಹುರಿದಿದ್ದು?"

"ಚೆನ್ನಾಗಿತ್ತು ಅಣ್ಣ."

ಲಿಫ್ಟಣ್ಣ ಹೊದಿಕೆ ಎಳೆದುಕೊಂಡ. "ಆಯ್ತು, ಬಿಡು" ಎಂದು ಪಕ್ಕಕ್ಕೆ ತಿರುಗಿದ. ಮೂರು ದಿನಕ್ಕೆ ಹೋಗಿಬಿಟ್ಟ.

ಎರಡು ತಿಂಗಳ ಮೊದಲ ಭಾನುವಾರಗಳು ಬಂದು ಹೋದವು. ಕನ್ನಡಕದವನೂ ಟೀಚರೂ ಮನೆಯಲ್ಲೇ ಉಳಿದರು. ಮೂರನೇ ತಿಂಗಳು ಲಿಫ್ಟಣ್ಣನ ಹೆಂಡತಿಯೇ ಫೋನು ಮಾಡಿದರು. "ಅವರು ಮುಂದಿನ ಹೋಟೆಲು ನೋಡಿಟ್ಟಿದ್ರು. ಐದನೇ ಮಹಡಿ. ನಾನೂ ಬರ್ತೀನಿ."

ಮೂವರೂ ಮೆಟ್ಟಿಲು ಹತ್ತಿದರು. ಅತ್ತಿಗೆ ಮೂರು ಕಡೆ ನಿಂತು ಸುಧಾರಿಸಿಕೊಂಡರು. ಒಳಗೆ ಹೋಗಿ, ಯಾರೂ ತೋರಿಸದಿದ್ದರೂ ಕನ್ನಡಕದವನ ಬಲಗಡೆಯ ಕುರ್ಚಿಯಲ್ಲೇ ಕೂತರು. ವೇಟರು ಬಂದ. ಕನ್ನಡಕದವನು ಟೀಚರಿಗೆ ಹುರಿದ ಮೀನು ಹೇಳಿದ. ಟೀಚರು ಮೆನು ತಿರುವಿಹಾಕಿ, ಅತ್ತಿಗೆಗೆ ಬಿಸಿ ನೂಡಲ್ಸು ಹೇಳಿದರು. ಅತ್ತಿಗೆ ಮೆನು ಮುಟ್ಟಲೇ ಇಲ್ಲ.

"ಇವರಿಗೆ ಅಣಬೆ" ಎಂದರು.

ವೇಟರು ಬರೆದುಕೊಳ್ಳತೊಡಗಿದ. ಕನ್ನಡಕದವನಿಗೆ ಆ ಪೆನ್ನೇ ಕಾಣುತ್ತಿತ್ತು. ಸುಳ್ಳು ಹೇಳಿಸಿಕೊಂಡವನು ಹೋದ. ಇನ್ನು ಇವರಿಗೂ ಸುಳ್ಳು ಹೇಳಲೇ? ಇನ್ನು ಹನ್ನೊಂದು ವರ್ಷ?

"ಬೇಡ" ಎಂದ. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿತ್ತು. "ಬೇಡ ಅತ್ತಿಗೆ. ನನಗೆ ಅಣಬೆ ಆಗಲ್ಲ. ಮೊದಲ ದಿನದಿಂದಲೂ ಆಗಲ್ಲ. ಅಣ್ಣಂಗೆ ಹೇಳಕ್ಕಾಗಲಿಲ್ಲ."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಟೀಚರು ನೀರಿನ ಲೋಟ ಮುಂದೆ ಸರಿಸಿದರೆ, ಅವರು ನಗುತ್ತಿದ್ದರು.

"ನಿಮ್ಮಣ್ಣಂಗೆ ಎರಡನೇ ತಿಂಗಳೇ ಗೊತ್ತಾಗಿತ್ತು. ಮನೆಗೆ ಬಂದು ನೀವು ನುಂಗೋದನ್ನ ಮಾಡಿ ತೋರಿಸೋರು, ಮಾತ್ರೆ ನುಂಗೋ ಹಾಗೆ, ಕತ್ತು ಮೇಲೆತ್ತಿ. ಅವನ ಬಾಯಿಂದ ಒಂದು 'ಬೇಡ' ಹೊರಡಿಸ್ತೀನಿ ನೋಡು ಅನ್ನೋರು. ಆಸ್ಪತ್ರೇಲಿ ನೀವು ಹೋದ ಮೇಲೆ, 'ಇವತ್ತೂ ಹೇಳಲಿಲ್ಲ ಕಣೇ, ಇನ್ನು ನೀನೇ ನೋಡ್ಕೋ' ಅಂದ್ರು."

ಆಮೇಲೆ ನಿಜವಾಗಿಯೂ ಅತ್ತರು. ಕನ್ನಡಕದವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ; ಹಾಗೆ ಒರೆಸಬಾರದೆಂದು ಗಿರಾಕಿಗಳಿಗೆ ದಿನವೂ ಹೇಳುವವನು.

"ಸರ್, ಹಾಗಾದ್ರೆ ನಿಮಗೇನು ಕೊಡಲಿ?" ಎಂದ ವೇಟರು.

ಕನ್ನಡಕದವನು ಮೆನುವಿನ ಮೇಲಿಂದ ಕೆಳಗೆ ಬೆರಳಾಡಿಸಿದ. ತನಗೇನು ಬೇಕೆಂದು ಯೋಚಿಸಿ ಹನ್ನೊಂದು ವರ್ಷವಾಗಿತ್ತು.

"ಹುರಿದ ಆಲೂಗಡ್ಡೆ" ಎಂದರು ಅತ್ತಿಗೆ. "ಟೀಚರ ತಟ್ಟೇಲಿರೋ ಆಲೂಗಡ್ಡೆ ಮೇಲೇ ಅವನ ಕಣ್ಣು ಅನ್ನೋರು ನಿಮ್ಮಣ್ಣ."

"ಕಣ್ಣೊಂದೇ ಅಲ್ಲ, ಕೈನೂ" ಎಂದರು ಟೀಚರು.

ತಟ್ಟೆ ತುಂಬ ಬಿಸಿ ಆಲೂಗಡ್ಡೆ ಬಂತು. ಕನ್ನಡಕದವನು ಒಂದನ್ನು ಬಾಯಿಗೆ ಹಾಕಿಕೊಂಡ. ಇಬ್ಬರೂ ಊಟ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು.

"ಹೇಗಿದೆ?" ಎಂದು ಕೇಳಿದರು ಅತ್ತಿಗೆ.

ಅವನು ಅಗಿದ, ಯೋಚಿಸಿದ, ಅಗಿದ.

"ಉಪ್ಪು ಜಾಸ್ತಿ."

ಟೀಚರು ಎರಡು ಬೆರಳು ಮಡಿಚಿದರು. "ಒಂದೇ ದಿನಕ್ಕೆ ಎರಡು ನಿಜ. ಸಾಕು, ಆಯಾಸವಾದೀತು. ನಿಮ್ಮ ಭಾವಮೈದುನನ ಸೋಫಾ ನಾಳೆ ನೋಡೋಣ."