ವತ್ಸಲಾ ಅಕ್ಕೋರ ಸುಣ್ಣದ ಗವಿ

ನಮ್ಮ ಇಂಡಿ ಊರಿನ ಪೇಟೆಯಲ್ಲಿ ಬಡಾಯಿ ಕೊಚ್ಚುವವರು ಬಾಯಿ ತೆರೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದರು. ವತ್ಸಲಾ ಅಕ್ಕೋರು ಎಲ್ಲಾದರೂ ನಿಂತಿದ್ದಾರೋ ಎಂಬ ಅಂಜಿಕೆ. ಕರಿ ಛತ್ರಿ, ಗಂಜಿ ಹಾಕಿದ ಕಾಟನ್ ಸೀರೆ, ಮೂಗಿನ ತುದಿಗೆ ಜಾರಿದ ಚಷ್ಮಾ. ಮಾತಾಡುವವನ ಮಾತು ಪೂರಾ ಮುಗಿಯುವವರೆಗೆ ಅವರು ತಡೆಯುತ್ತಿರಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀ ಕಣ್ಣಾರೆ ನೋಡೀಯೇನು?"

ನಿಂಬೆಹಣ್ಣಿನ ದಲಾಲ ದುಬೈಯಲ್ಲಿ ನಮ್ಮೂರ ಹಣ್ಣಿಗೆ ಜನ ಮುಗಿಬೀಳುತ್ತಾರೆ ಅಂದಾಗ ಹಾಗೇ ಕೇಳಿದರು. ಪುರಾಣ ಹೇಳಲು ಬಂದ ಶಾಸ್ತ್ರಿಗಳು ನರಕದ ಎಣ್ಣೆ ಕೊಪ್ಪರಿಗೆಯನ್ನು ಅದರ ಹಿಡಿಕೆ ಸಮೇತ ವರ್ಣಿಸುತ್ತಿದ್ದಾಗ ಹೆಂಗಸರ ಸಾಲಿನಿಂದ ಎದ್ದು ನಿಂತು ಕೇಳಿದರು. ಶಾಸ್ತ್ರಿಗಳು ಪಾಪ, ಆ ದಿನ ಮಂಗಳಾರತಿಯನ್ನು ಅರ್ಧ ತಾಸು ಮೊದಲೇ ಮಾಡಿಬಿಟ್ಟರು. ವತ್ಸಲೆ ಎಂದು ಹೆಸರಿಟ್ಟವರು ತೀರಾ ಅವಸರ ಮಾಡಿದ್ದರು ಅನ್ನುವುದು ನಮ್ಮ ಊರಿನವರ ಒಮ್ಮತದ ಅಭಿಪ್ರಾಯವಾಗಿತ್ತು.

ನಮಗೆ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು ಅವರೇ. ಮನೆಯಲ್ಲಿ ಅರ್ಧ ಮರಾಠಿ, ಸಾಲಿಯಲ್ಲಿ ಪೂರಾ ಕನ್ನಡ. ಸಿಟ್ಟು ಬಂದರೆ ಎರಡೂ ಕೂಡಿಯೇ ಬರುತ್ತಿದ್ದವು. ಬೋರ್ಡಿನ ಮೇಲೆ ಸುಣ್ಣದ ಕಲ್ಲಿನ ಗವಿಯ ಚಿತ್ರ ತೆಗೆಯುವಾಗ ಮಾತ್ರ ಅವರ ದನಿ ಮೆತ್ತಗಾಗುತ್ತಿತ್ತು. ಮೇಲಿಂದ ಇಳಿಬಿದ್ದ ಕಲ್ಲಿನ ಕಡ್ಡಿ, ಕೆಳಗಿಂದ ಏಳುವ ಕಲ್ಲಿನ ಕಂಬ, ಎರಡರ ನಡುವೆ ಸೀಮೆಸುಣ್ಣದ ತುದಿಯಿಂದ ಇಟ್ಟ ಒಂದು ಚುಕ್ಕೆ. "ಈ ಹನಿ ಮರತವರಿಗೆ ಅರ್ಧ ಮಾರ್ಕು ಹೋತು ಅಂತ ತಿಳೀರಿ. ಗವಿ ಕಟ್ಟಿದ್ದು ಇದಾ. ಉಳದದ್ದೆಲ್ಲಾ ಇದರ ಕೈಕೆಲಸ," ಅನ್ನುವರು. ಒಂಬತ್ತನೆಯ ಇಯತ್ತೆಯಲ್ಲಿ ನನಗೆ ಮೀಸೆ ಚಿಗುರುವ ಮೊದಲೇ ಕೊಬ್ಬು ಚಿಗುರಿತ್ತು. ಎದ್ದು ನಿಂತು ಕೇಳಿದೆ: "ಅಕ್ಕೋರ, ನೀವು ಕಣ್ಣಾರೆ ನೋಡೀರೇನ್ರಿ?"

ಅಕ್ಕೋರು ಕೈಯ ಸುಣ್ಣ ಕೊಡವಿಕೊಂಡರು. "ಇಲ್ಲ. ಗವೀನೂ ನೋಡಿಲ್ಲ, ಸಮುದ್ರಾನೂ ನೋಡಿಲ್ಲ. ನೋಡಿದ ದಿನ ನಿನಗ ಕರದು ಹೇಳ್ತೇನಿ. ಕುಂದ್ರು," ಎಂದರು. ಛಡಿ ಏಟು ಬೀಳುತ್ತದೆಂದು ಕೈ ಚಾಚಿದ್ದ ನನಗೆ ಒಂಥರಾ ನಿರಾಸೆಯಾಯಿತು.

ಮುಂದೆ ಅವರು ನಿವೃತ್ತರಾಗಿ ಇಂಡಿಯಲ್ಲೇ ತಂಗಿಯ ಮನೆಯಲ್ಲಿ ಉಳಿದರು. ನಾನು ಸಿಂದಗಿಯಲ್ಲಿ ಸರಕಾರಿ ಗುಮಾಸ್ತನಾಗಿ, ಕುರ್ಚಿಯ ಆಕಾರಕ್ಕೆ ತಕ್ಕ ಹೊಟ್ಟೆ ಬೆಳೆಸಿದೆ. ಅಷ್ಟರಲ್ಲಿ ಶಿವಪುತ್ರನೆಂಬ ಮಹಾನುಭಾವನೊಬ್ಬ ಉದಯಿಸಿದ. ಸಿಂದಗಿಯಲ್ಲಿ ಅವನದು ಝೆರಾಕ್ಸ್ ಅಂಗಡಿ. ಒಂದು ಸಲ ಯಾರದೋ ಹಿಂದೆ ಅಂಡಮಾನಿಗೆ ಹೋಗಿಬಂದವನು, ಮರುವರ್ಷವೇ ಪ್ರವಾಸ ಒಯ್ಯುವ ಮ್ಯಾನೇಜರ್ ಆಗಿ, ಗೈಡೂ ಆಗಿ, ತಲೆಗೆ ನೀಲಿ ಟೋಪಿ ಇಟ್ಟುಕೊಂಡ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮನಗೂಳಿ, ನಾಲತವಾಡ ಎಲ್ಲ ಕಡೆಯಿಂದ ಜನ ಕೂಡಿಸಿದ. ನಾನೂ ಹೆಸರು ಬರೆಸಿದ್ದೇನೆಂದು ಯಾರೋ ಅಕ್ಕೋರಿಗೆ ಹೇಳಿದರು. ಅವತ್ತೇ ಫೋನು ಬಂತು.

"ಅಲ್ಲಿಯ ಸುಣ್ಣದ ಗವಿ ತೋರಸ್ತಾನೋ ಇಲ್ಲೋ ಕೇಳು ಅವಗ. ತೋರಸ್ತಾನಂದ್ರ ನಾನೂ ಬರ್ತೇನಿ."

"ಅಕ್ಕೋರ, ನಿಮ್ಮ ಮೊಣಕಾಲು..."

"ಮೊಣಕಾಲಿನ ಕಡಿಂದ ಎಪ್ಪತ್ತು ವರ್ಷ ನಾ ಹೇಳಿದಂಗ ಕೇಳಿಸೇನಿ. ಇನ್ನೊಂದು ವಾರ ಕೇಳತಾವ. ಮೂವತ್ತು ವರ್ಷ ನೋಡಲಾರದ್ದು ಕಲಿಸೇನಿ. ಒಮ್ಮೆ ಖರೇನೋ ಸುಳ್ಳೋ ನೋಡಿ ಬರೋಣು."

ಶಿವಪುತ್ರನ ಗೈಡುಗಿರಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅವನಿಗೆ ಗೊತ್ತಿದ್ದದ್ದು ಒಂದೇ ವಾಕ್ಯ: "ಇದು ಏಷಿಯಾದಾಗ ನಂಬರ್ ಒನ್ ಐತ್ರಿ." ಸಮುದ್ರ ನಂಬರ್ ಒನ್, ದಂಡೆಯ ತೆಂಗು ನಂಬರ್ ಒನ್, ನಾವು ಇಳಿದ ಲಾಡ್ಜಿನ ಸಂಡಾಸವೂ ನಂಬರ್ ಒನ್. ನಮ್ಮ ತಂಡದ ಜನ ಅವನಿಗೆ ತಕ್ಕವರೇ. ಮೊದಲ ಸಲ ಸಮುದ್ರ ಕಂಡ ಬಾಗೇವಾಡಿಯ ಸಾಹುಕಾರರು, "ಇಷ್ಟು ನೀರೈತಿ, ಒಂದು ಮೋಟರ್ ಇಟ್ಟಿಲ್ಲ ನೋಡ," ಎಂದು ಬೆನ್ನು ತಿರುಗಿಸಿ ಚಹಾದ ರುಚಿಯ ಬಗ್ಗೆ ತಕರಾರು ತೆಗೆದರು. ನಾನೇನೂ ಭಿನ್ನನಲ್ಲ. ಹೋದಲ್ಲೆಲ್ಲ ಮೊಬೈಲಿಗೆ ಚಾರ್ಜು ಸಿಗುತ್ತದೋ ಎಂದು ಗೋಡೆ ನೋಡುತ್ತಿದ್ದೆ.

ಗವಿಯಿದ್ದ ಬಾರಾಟಾಂಗ್ ದ್ವೀಪಕ್ಕೆ ಒಂದು ದಿನದ ಸವಾರಿ. ಮೊದಲು ಕೆಸರಿನ ಜ್ವಾಲಾಮುಖಿ ತೋರಿಸಿದರು. ಜ್ವಾಲಾಮುಖಿಯಂತೆ ಜ್ವಾಲಾಮುಖಿ! ಬಿದಿರಿನ ಬೇಲಿಯೊಳಗೆ ಒಂದಿಷ್ಟು ಬೂದು ರಾಡಿ, ಅದರಲ್ಲಿ ಆಗೊಂದು ಈಗೊಂದು ಗುಳ್ಳೆ. ನಮ್ಮ ಮನೆಯ ಅಂಬಲಿ ಇದಕ್ಕಿಂತ ಜೋರಾಗಿ ಕುದಿಯುತ್ತದೆ. ಎರಡು ನಿಮಿಷಕ್ಕೆ ಎಲ್ಲರೂ ಮುಖ ಕಿವುಚಿಕೊಂಡು ಜೀಪು ಹತ್ತಿದರು. ಅಕ್ಕೋರು ಮಾತ್ರ ಬೇಲಿಯ ಪಕ್ಕ ಛತ್ರಿ ಊರಿ ನಿಂತೇ ಇದ್ದರು. ಕರೆಯಲು ಹೋದರೆ, "ಗದ್ದಲ ಮಾಡಬ್ಯಾಡ. ನೆಲ ಉಸರಾಡಾಕತ್ತದ, ನಿನಗ ಕೇಳಸಂಗಿಲ್ಲೇನು?" ಅಂದರು. ನನಗೆ ಕೇಳಿಸಿದ್ದು ಶಿವಪುತ್ರನ ಸೀಟಿ ಮಾತ್ರ.

ಅಲ್ಲಿಂದ ಮೋಟಾರು ದೋಣಿಯಲ್ಲಿ, ಸಮುದ್ರದ ನೀರು ಕಾಡಿನೊಳಗೆ ಹೊಕ್ಕ ಖಾರಿಯೊಳಗೆ ಹೋದೆವು. ಎರಡೂ ದಂಡೆಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಬೇರುಗಳೆಲ್ಲ ನೆಲದ ಮೇಲೆ. "ಸುನಾಮಿ ಬಂದಾಗ ಮಣ್ಣು ಕೊಚ್ಚಿ ಹೋಗಿ ಬೇರು ಹೊರಗ ಬಿದ್ದಾವ್ರಿ," ಎಂದು ಶಿವಪುತ್ರ ಸಾರಿದ. ಅಕ್ಕೋರು ಅವನ ಕಡೆ ತಿರುಗಿಯೂ ನೋಡಲಿಲ್ಲ. "ಪುರೆ ಶಾಣ್ಯಾ, ಸಾಕು ಮಾಡು. ಕೆಸರಿನೊಳಗ ಗಾಳಿ ಸಿಗೂದಿಲ್ಲ ಅಂತ ಅವು ಬೇರು ಮ್ಯಾಲೆ ಎತ್ಯಾವ. ಗಿಡಕ್ಕ ಇರೋ ಬುದ್ಧಿ ನಿನಗಿಲ್ಲ," ಅಂದರು. ದೋಣಿಯವನಿಗೆ ಕನ್ನಡ ಬರದಿದ್ದರೂ ಯಾರಿಗೆ ಬೈಗುಳ ಬಿತ್ತೆಂದು ತಿಳಿದು ನಕ್ಕ.

ದೋಣಿ ಇಳಿದ ಜಾಗದಿಂದ ಗವಿಗೆ ಕಾಡುಹಾದಿಯಲ್ಲಿ ನಡೆದು ಹೋಗಬೇಕು. ದೋಣಿಯವನು, ನಲವತ್ತರ ಗಟ್ಟಿ ಆಸಾಮಿ, ಹಿಂದಿಯಲ್ಲಿ ತಿಳಿಸಿ ಹೇಳಿದ: ಇಳಿತ ಸುರುವಾಗಿದೆ, ನೀರು ಕಡಿಮೆಯಾದರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ, ನೋಡಿ ಲಗೂನೆ ಬನ್ನಿ. ನಮ್ಮವರು ಕೇಳಿದರು, ತಲೆ ಅಲ್ಲಾಡಿಸಿದರು, ಊಟದ ಗಂಟು ಬಿಚ್ಚಿದರು. ಹಸಿದ ಹೊಟ್ಟೆಯಲ್ಲಿ ದೇವರನ್ನೂ ನೋಡದ ಜನ ಗವಿ ನೋಡಿಯಾರೇ? ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು. ಪಂಕ್ತಿ ಹಾಕಿ ಕೂತರು. ಎಲ್ಲರಿಗೂ ಬಡಿಸುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ, ಕಡೆಯವನದು ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ದೋಣಿಯವನನ್ನೂ ರಟ್ಟೆ ಹಿಡಿದು ಕೂಡಿಸಿದರು. ನಮ್ಮ ಕಡೆ ಬಸ್ಸಿನ ಡ್ರೈವರನಿಗೆ ಒಂದು ಸಲ ಉಣಿಸಿದರೆ ಮುಗಿಯಿತು, ಮದುವೆಯ ಮಂದಿ ಎಷ್ಟು ತಡ ಮಾಡಿದರೂ ಅವನು ಹಾರ್ನ್ ಹೊಡೆಯುವುದಿಲ್ಲ. ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆಂದು ನಂಬಿದ್ದರು.

ಅಕ್ಕೋರು ರೊಟ್ಟಿ ಮುಟ್ಟಲಿಲ್ಲ. ಗೈಡಿಲ್ಲದೆ ಯಾರೂ ಕಾಡಿನೊಳಗೆ ಹೋಗಬಾರದೆಂಬ ನಿಯಮ. ಗೈಡು ಮೊಸರು ಕಲಸುತ್ತಿದ್ದ. "ಏಳ್ರಿ, ನೀರು ಇಳ್ಯಾಕತ್ತದ," ಎಂದು ಎರಡು ಸಲ ಹೇಳಿದರು.

"ಸುಮ್ನಿರ್ರಿ ಅಕ್ಕೋರ. ಅವನ ಹೊಟ್ಯಾಗ ನಮ್ಮ ರೊಟ್ಟಿ ಹೋಗೈತಿ. ಇನ್ನ ಹ್ಯಾಂಗ ಬಿಟ್ಟು ಹೊಕ್ಕಾನ?" ಎಂದ ಶಿವಪುತ್ರ.

"ಅವ ನಿಂದರತಾನಪಾ, ನೀರು ನಿಂದರತದೇನು? ಭರತಿ ಇಳಿತ ಮಾಡಾಂವ ಚಂದ್ರ. ಅವನೂ ನಿಮ್ಮ ಪಂಕ್ತಿಯೊಳಗ ಕೂತಾನೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಲ್ಲಿ ಮೂರನೆಯ ರೊಟ್ಟಿ ಇತ್ತು.

ಊಟ ಮುಗಿದು, ಕೈ ತೊಳೆದು, ಎಲೆಯಡಿಕೆಯೂ ಆಗಿ ಹೊರಟಾಗ ದೋಣಿಯವನ ಮುಖದಲ್ಲಿ ನಗುವಿರಲಿಲ್ಲ. ಹೋಗಿ ಬರಲು ಅರ್ಧ ತಾಸು ಅಂದ. ಹಾದಿಯ ತುಂಬ ತೊಯ್ದ ಬೇರುಗಳು. ಅಕ್ಕೋರು ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈ ನನ್ನ ಹೆಗಲ ಮೇಲೆ ಇಟ್ಟು ನಡೆದರು. ಉಣ್ಣುತ್ತ ಕೂತ ಹೊತ್ತಿನಲ್ಲಿ ಅವರು ನಿಧಾನವಾಗಿ ಹೋಗಿ ಬರಬಹುದಿತ್ತು. ಈಗ ಮನಗೂಳಿಯ ಹೆಂಗಸರು ಕೂಡ ನಮ್ಮನ್ನು ಹಿಂದೆ ಹಾಕಿ ಹೋದರು. ಲಿಂಬು ಶರಬತ್ತು ಮಾರುವ ಗುಡಿಸಲೊಂದರ ಹತ್ತಿರ ಅವರ ಮೊಣಕಾಲು ಸೋತಿತು. ಗವಿ ಇನ್ನೂ ಒಂದು ತಿರುವಿನ ಆಚೆ ಇತ್ತು.

ಶಿವಪುತ್ರ ವಾಪಸು ಓಡಿ ಬಂದ. "ಅಕ್ಕೋರ, ನೀವಿಲ್ಲೇ ಕುಂದ್ರಿ. ನಾ ಮೊಬೈಲದಾಗ ಫೋಟೋ ಹೊಡಕೊಂಡು ಬಂದು ತೋರಸ್ತೇನ್ರಿ. ಎರಡೂ ಒಂದ."

"ಫೋಟೋ ನಾನೂ ಮೂವತ್ತು ವರ್ಷ ತೋರಿಸೇನಿ," ಎಂದು ಅಕ್ಕೋರು ಬೆಂಚಿನ ಮೇಲೆ ಕೂತರು. ಅವನು ಹೋದ ಮೇಲೆ ನನ್ನ ಕೈ ಹಿಡಿದು ಎಳೆದರು. ಆ ಹಿಡಿತ ನನಗೆ ಇನ್ನೂ ನೆನಪಿದೆ. "ನೀ ಓಡು. ಮ್ಯಾಲಿನ ಕಡ್ಡಿ, ತೆಳಗಿನ ಕಂಬ ಒಂದರ ನೆಟ್ಟಗ ಒಂದು ಅದಾವೇನು ನೋಡು. ತುದೀಗೆ ಹನಿ ನಿಂತದೇನು, ಎಷ್ಟು ಹೊತ್ತಿಗೆ ಬೀಳತದ, ಅದನ್ನ ನೋಡು. ಮುಟ್ಟಬ್ಯಾಡ. ಬಂದು ನನಗ ಹೇಳು. ನೀ ನೋಡಿದ್ರ ನಾ ನೋಡಿದಂಗ."

ಗವಿಯೊಳಗೆ ಶಿವಪುತ್ರ ಬ್ಯಾಟರಿ ಬಿಟ್ಟು, ಇದು ಆನೆ, ಇದು ಗಣಪತಿ, ಇದು ಹುಲಿಯ ಮೀಸೆ ಎಂದು ಕಲ್ಲಿಗೆಲ್ಲ ಹೆಸರಿಡುತ್ತಿದ್ದ. ಜನ ಫೋಟೋಕ್ಕೆ ನೂಕಾಡುತ್ತಿದ್ದರು. ನಾನೂ ನೂಕಿ ಒಳಗೆ ಹೋದೆ. ಸೊಂಟದ ಮೇಲೆ ಕೈ ಇಟ್ಟು ಒಂದು, ಹೆಬ್ಬೆರಳು ಎತ್ತಿ ಒಂದು, ಏನೋ ಮಹಾ ವಿಚಾರ ಹೊಳೆದವನಂತೆ ಮೇಲೆ ನೋಡುತ್ತ ಒಂದು. ಹೀಗೆ ಹದಿನೇಳು. ಅಷ್ಟರಲ್ಲಿ ಸೀಟಿ ಕೇಳಿಸಿತು. ಓಡಿದೆ.

"ಹ್ಯಾಂಗಿತ್ತು?" ಅಕ್ಕೋರು ಎದ್ದು ನಿಂತೇ ಕೇಳಿದರು.

"ಭಾಳ ಛಲೋ ಇತ್ರಿ ಅಕ್ಕೋರ."

"ಛಲೋ ಅಂದ್ರ?"

"ಅಂದ್ರ... ಭಾರಿ ಇತ್ತು."

"ಹನಿ?"

ಇತ್ತು ಅಂದಿದ್ದರೆ ಮುಗಿಯುತ್ತಿತ್ತು. ಆ ಚಷ್ಮಾದ ಎದುರು ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. "ನೋಡಲಿಲ್ರಿ," ಅಂದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು "ನಡಿ" ಎಂದಷ್ಟೇ ಅಂದು ನನ್ನ ಹೆಗಲ ಬದಲು ಛತ್ರಿಯ ಮೇಲೆ ಭಾರ ಹಾಕಿ ನಡೆದರು. ಆ ಹೊತ್ತಿನಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

ದೋಣಿ ಆಗಲೇ ಅರ್ಧ ಕೆಸರಿನಲ್ಲಿತ್ತು. ರೊಟ್ಟಿ ಉಂಡವರೆಲ್ಲ ಇಳಿದು ನೂಕಿದರು. ಏಷಿಯಾದ ನಂಬರ್ ಒನ್ ಗೈಡು ಮೊಣಕಾಲುಮಟ ಹೂತುಹೋಗಿ ಒಂದು ಚಪ್ಪಲಿ ಕಳೆದುಕೊಂಡ. ಅಂಥ ದೃಶ್ಯ ನೋಡಿಯೂ ಅಕ್ಕೋರು ನಗಲಿಲ್ಲ. ಹಿಂದೆ ಸರಿಯುವ ನೀರನ್ನೇ ನೋಡುತ್ತಿದ್ದರು.

ಊರಿಗೆ ಬಂದ ಮೇಲೆ ಅವರ ಹಳೆಯ ಸಾಲಿಯವರು ಸತ್ಕಾರಕ್ಕೆ ಕರೆದರು. ಅಂಡಮಾನಿನ ಗವಿ ನೋಡಿ ಬಂದ ನಮ್ಮ ಹೆಮ್ಮೆಯ ಗುರುಮಾತೆ ಎಂದು ಸ್ವಾಗತ ಭಾಷಣ ಮಾಡಿದವರು ಹೊಗಳಿದರು. ಅಕ್ಕೋರು ಮೈಕಿನ ಮುಂದೆ ನಿಂತು, "ನಾ ಗವಿ ನೋಡಿಲ್ಲ. ಗವೀಗೆ ಹೋಗೋ ಹಾದಿ ಅಷ್ಟ ನೋಡೇನಿ. ಅದನ್ನ ಹೇಳ್ತೇನಿ," ಅಂದರು. ಆಮೇಲೆ ಒಂದು ತಾಸು ರಾಡಿಯ ಗುಳ್ಳೆ ಹೇಗೆ ಉಬ್ಬಿ, ಹೇಗೆ ಒಡೆದು, ಒಡೆದ ಜಾಗದಲ್ಲಿ ಎಂಥ ಗೆರೆ ಉಳಿಯುತ್ತದೆ ಎಂದು ಹೇಳಿದರು. ಗುಡಿಸಲಿನ ಬೆಂಚಿನ ಕೆಳಗೆ ಹಾದುಹೋದ ಕೆಂಪು ಇರುವೆಯ ಸಾಲು ಹೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು, ನಾನೇ ನಡೆದುಬಂದ ದ್ವೀಪವನ್ನು ಅವತ್ತು ಮೊದಲ ಸಲ ಕಂಡೆ. ಶಿವಪುತ್ರ ಮುಂದಿನ ಪ್ರವಾಸದ ಜಾಹೀರಾತಿಗೆ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿಸಿದ. ಅದರಲ್ಲಿ ಹೆಬ್ಬೆರಳು ಎತ್ತಿ ಹಲ್ಲು ಕಿರಿದಿದ್ದವನು ನಾನು.

ಅಕ್ಕೋರು ತೀರಿಕೊಂಡು ಈಗ ಒಂದು ವರ್ಷ. ಇಂಡಿಯ ಪೇಟೆಯಲ್ಲಿ ಬಡಾಯಿ ಮತ್ತೆ ಸೊಂಪಾಗಿ ಬೆಳೆದಿದೆ, ಕೇಳುವವರಿಲ್ಲ. ಅವರು ಹೋಗುವ ಎಂಟು ದಿನ ಮೊದಲು ನಾನು ಭೇಟಿಗೆ ಹೋಗಿದ್ದೆ. ಕಿಡಕಿಯ ಹತ್ತಿರ ಮಂಚ ಹಾಕಿದ್ದರು. ಅದೂ ಇದೂ ಮಾತಾಡಿ ಏಳುವಾಗ, "ಆ ಫೋಟೋ ಅದಾವೇನು ಇನ್ನೂ?" ಅಂದರು. ಅಷ್ಟು ವರ್ಷ ಒಂದು ಸಲವೂ ಕೇಳಿರಲಿಲ್ಲ.

ಮೊಬೈಲು ಕೈಗೆ ಕೊಟ್ಟೆ. ಬೆರಳಿನಿಂದ ಹಿಗ್ಗಿಸುವುದನ್ನು ತೋರಿಸಿಕೊಟ್ಟೆ. ಚಷ್ಮಾ ಹಣೆಗೆ ಏರಿಸಿ, ಕಣ್ಣಿನ ಹತ್ತಿರ ಹಿಡಿದು, ಒಂದೊಂದನ್ನೇ ನೋಡಿದರು. ಎಲ್ಲದರಲ್ಲಿಯೂ ನನ್ನ ಮುಖವೇ ತುಂಬಿಕೊಂಡಿತ್ತು. ಒಂದರಲ್ಲಿ ಕಿವಿಯ ಹಿಂದೆ ಕಲ್ಲಿನ ಒಂದು ತುದಿ. ಇನ್ನೊಂದರಲ್ಲಿ ಹೆಗಲ ಹಿಂದೆ ಬೆಳ್ಳಗೆ ಏನೋ ಮಿಂಚಿತ್ತು, ನೀರೋ ಬ್ಯಾಟರಿಯ ಬೆಳಕೋ. ಅಕ್ಕೋರು ಆ ಹೆಗಲನ್ನು ಬೆರಳಿನಿಂದ ಆಚೆ ನೂಕಿ ನೋಡಿದರು, ಮತ್ತೊಮ್ಮೆ ನೂಕಿದರು. ಹದಿನೇಳೂ ಮುಗಿದ ಮೇಲೆ ಮೊಬೈಲು ನನ್ನ ಅಂಗೈಯಲ್ಲಿಟ್ಟು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು:

"ಒಂದರಾಗರೆ ಸ್ವಲ್ಪ ಸರದು ನಿಂದರಬಾರದಿತ್ತೇನೋ?"